1,200 ಡಾಲರಿನೊಳಗೆ ಹಳೆಯ ಮಿಲಿಟರಿ ರೈಫಲ್: ಗ್ಯಾರಂಡೋ, ಎಸ್‌ಕೆಎಸ್ಸೋ, ಕಾರ್ಬೈನೋ?

ಕೊಲಂಬಸ್‌ವಾಸಿ:

ಎಲ್ಲರಿಗೂ ನಮಸ್ಕಾರ. ಓಹಿಯೋದ ಕೊಲಂಬಸ್‌ನಲ್ಲಿದ್ದೇನೆ, ಇತ್ತೀಚೆಗೆ ಅಮೆರಿಕದ ಪೌರತ್ವ ಸಿಕ್ಕಿದೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .22 ರೈಫಲ್ ಹೊಡೆದದ್ದು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ಅಪ್ಪ ಸೇನೆಯಲ್ಲಿದ್ದರು. ಅವರ ಕೈಯಲ್ಲಿದ್ದದ್ದು ಈಶಾಪುರದ ಕಾರ್ಖಾನೆಯ 7.62 ಮಿ.ಮೀ. ಎಸ್‌ಎಲ್‌ಆರ್, ಆಗಿನ ಭಾರತೀಯ ಸೇನೆಯ ರೈಫಲ್. ಅದರ ಕಥೆ ಕೇಳುತ್ತಲೇ ಬೆಳೆದವನು ನಾನು. ಅದೇ ವಂಶದ, ಬೆಲ್ಜಿಯಂ ಮೂಲದ ಎಫ್‌ಎಎಲ್ ಕೊಳ್ಳೋಣವೆಂದು ಹೊರಟೆ, ಬೆಲೆ ನೋಡಿ ಹಿಂದೆ ಬಂದೆ.

ಈಗ ಒಟ್ಟು 1,200 ಡಾಲರ್ ಎತ್ತಿಟ್ಟಿದ್ದೇನೆ. ತೋಟಾ, ಬೀಗದ ಪೆಟ್ಟಿಗೆ ಎಲ್ಲವೂ ಅದರಲ್ಲೇ ಆಗಬೇಕು. ತಿಂಗಳಿಗೊಮ್ಮೆ ರೇಂಜಿಗೆ ಹೋಗಿ ಕಾಗದದ ಗುರಿಗೆ ಹೊಡೆಯುವುದಷ್ಟೇ ಉದ್ದೇಶ. ಬೇಟೆ ಇಲ್ಲ, ಮನೆ ಕಾಯುವ ಮಾತೂ ಇಲ್ಲ. ಕಪ್ಪು ಪ್ಲಾಸ್ಟಿಕ್ಕಿನ ಹೊಸ ರೈಫಲ್‌ಗಳು ನನಗೆ ರುಚಿಸುವುದಿಲ್ಲ. ಮರ ಮತ್ತು ಉಕ್ಕಿನದೇ ಬೇಕು. ಪ್ರತಿ ಹೊಡೆತದ ನಂತರ ತಾನೇ ಮುಂದಿನ ತೋಟಾ ತುಂಬಿಕೊಳ್ಳುವಂಥದ್ದೂ ಆಗಬೇಕು. ಎರಡನೇ ಮಹಾಯುದ್ಧದ ಅಮೆರಿಕನ್ ರೈಫಲ್ ಎಂ1 ಗ್ಯಾರಂಡ್, ಸೋವಿಯತ್ ಮೂಲದ ಎಸ್‌ಕೆಎಸ್, ಅದೇ ಯುದ್ಧದ ಹಗುರ ಅಮೆರಿಕನ್ ಎಂ1 ಕಾರ್ಬೈನ್ ಈ ಮೂರರಲ್ಲಿ ಯಾವುದು? ಗ್ಯಾರಂಡ್ ಕಡೆಗೆ ಮನಸ್ಸು ವಾಲಿದೆ. ವಯಸ್ಸು ನಲವತ್ತೇಳು, ಓದಲು ಕನ್ನಡಕ ಬೇಕು.

ಹಳೆ ಕಬ್ಬಿಣ:

ಡೇಟನ್‌ನಲ್ಲಿದ್ದೇನೆ, ನಿಮಗೆ ದೂರದವನಲ್ಲ. ಜೀವನವಿಡೀ ಲೇತ್ ಮುಂದೆ ನಿಂತು ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ನಾನು ಮೊದಲು ನೋಡುವುದು ಸವೆತವನ್ನು, ಆಮೇಲೆ ಇತಿಹಾಸವನ್ನು.

ಎಮ್ಮೆ ಕೊಳ್ಳಲು ಹೋದವರು ಎಮ್ಮೆಯ ಬೆಲೆಯನ್ನಷ್ಟೇ ಕೇಳಿ ಹುಲ್ಲಿನ ಬೆಲೆ ಕೇಳದೆ ಬರುತ್ತಾರೆ. ನೀವೂ ಅದನ್ನೇ ಮಾಡುತ್ತಿದ್ದೀರಿ. ಗ್ಯಾರಂಡ್ ತಿನ್ನುವುದು .30-06 ತೋಟಾ, ಅದೂ ಎಲ್ಲ .30-06 ಅಲ್ಲ. ಮದ್ದು ಉರಿದಾಗ ಬರುವ ಗ್ಯಾಸಿನ ಬಲದಿಂದಲೇ ಅದು ಮುಂದಿನ ತೋಟಾ ತುಂಬಿಕೊಳ್ಳುತ್ತದೆ. ಆ ಗ್ಯಾಸ್ ಪಡೆಯುವ ರಂಧ್ರ ನಳಿಗೆಯ ಮೂತಿಯ ಹತ್ತಿರವಿದೆ. ನಿಧಾನವಾಗಿ ಉರಿಯುವ ಮದ್ದು ಮತ್ತು ಭಾರದ ಗುಂಡು ಇರುವ ಇಂದಿನ ಬೇಟೆ ತೋಟಾ ಹಾಕಿದರೆ ಅಲ್ಲಿಗೆ ಬರುವ ಒತ್ತಡ ಹೆಚ್ಚಾಗಿ, ತೋಟಾ ಮುಚ್ಚಿ ಹಿಡಿಯುವ ಬೋಲ್ಟನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಆಪರೇಟಿಂಗ್ ರಾಡ್ ಬಾಗಬಹುದು. ಹಾಗಾಗಿ ಯುದ್ಧಕಾಲದ ಎಂ2 ಮಾದರಿಯ, 150 ಗ್ರೇನ್, ಅಂದರೆ ಸುಮಾರು ಹತ್ತು ಗ್ರಾಂ ತೂಕದ ಗುಂಡಿನ ತೋಟಾವೇ ಬೇಕು. ಪೆಟ್ಟಿಗೆಯ ಮೇಲೆ 'ಎಂ1 ಗ್ಯಾರಂಡ್‌ಗೆ' ಎಂದು ಬರೆದಿರುತ್ತದೆ. ನಮ್ಮೂರಿನ ಅಂಗಡಿಯಲ್ಲಿ ಅದು ಒಂದಕ್ಕೆ ಡಾಲರಿಗಿಂತ ಮೇಲಿದೆ. ಎಸ್‌ಕೆಎಸ್ ತಿನ್ನುವ 7.62×39 ಅದರ ಅರ್ಧಕ್ಕೆ ಸಿಗುತ್ತದೆ. 2021ರಲ್ಲಿ ರಷ್ಯಾದ ತೋಟಾ ಆಮದಿಗೆ ಅಮೆರಿಕ ತಡೆ ಹಾಕುವ ಮೊದಲು ಅದು ಕಾಲು ಭಾಗಕ್ಕೆ ಸಿಗುತ್ತಿತ್ತು. ಆ ಕಾಲ ಹೋಯಿತು, ಅದನ್ನು ನೆನೆದು ಫಲವಿಲ್ಲ.

ಈಗ ಲೆಕ್ಕ ಹಾಕಿ. ಗ್ಯಾರಂಡ್‌ಗೆ ಸಾವಿರದ ಮೇಲೆ ಕೊಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದೆರಡು ಸಂಜೆಯ ತೋಟಾ. ಬೀಗದ ಪೆಟ್ಟಿಗೆಗೆ ಕಾಸಿಲ್ಲ. ಒಳ್ಳೆಯ ಯುಗೊಸ್ಲಾವ್ ಅಥವಾ ಚೀನೀ ಎಸ್‌ಕೆಎಸ್ ಆರುನೂರರ ಆಸುಪಾಸಿನಲ್ಲಿ ಸಿಕ್ಕರೆ, ಉಳಿದ ಹಣದಲ್ಲಿ ವರ್ಷವಿಡೀ ಹೊಡೆದು ಕಲಿಯಬಹುದು. ನಿಮಗೆ ಬೇಕಾದದ್ದು ಕಲಿಕೆ. ಎನ್‌ಸಿಸಿಯ .22 ನಂತರ ನೇರವಾಗಿ .30-06 ಹೆಗಲಿಗೆ ಒದ್ದರೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಹತ್ತುತ್ತದೆ. ಅದನ್ನು ಬಿಡಿಸಲು ಮತ್ತೆ ತೋಟಾ ಖರ್ಚು.

ಕಾರ್ಬೈನ್ ಬಗ್ಗೆ ಒಂದು ಮಾತು ಸಾಕು. ಎರಡೂವರೆ ಕಿಲೋ ಕೂಡ ತೂಗದ ಮುದ್ದಾದ ವಸ್ತು, ಒದೆತವೇ ಇಲ್ಲ. ಆದರೆ ರೈಫಲ್‌ಗೆ ಗ್ಯಾರಂಡಿನಷ್ಟು ಬೆಲೆ, .30 ಕಾರ್ಬೈನ್ ತೋಟಾ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕರೂ ಅಗ್ಗವಲ್ಲ. ಯುದ್ಧಕಾಲದಲ್ಲಿ ಅದನ್ನು ಟೈಪ್‌ರೈಟರ್ ಮಾಡುತ್ತಿದ್ದ ಅಂಡರ್‌ವುಡ್, ಲೆಕ್ಕದ ಯಂತ್ರದ ಐಬಿಎಂ, ಹಾಡಿನ ಪೆಟ್ಟಿಗೆ ಮಾಡುತ್ತಿದ್ದ ರಾಕ್-ಓಲಾ ಎಲ್ಲರೂ ತಯಾರಿಸಿದರು. ಆದ್ದರಿಂದ ಇಂದು ಜನ ಕೊಳ್ಳುವುದು ರೈಫಲ್ ಅಲ್ಲ, ಅದರ ಮೇಲೆ ಕೊರೆದ ಕಂಪನಿಯ ಹೆಸರು. ಆ ಜೂಜಿಗೆ ಇಳಿಯಬೇಡಿ.

ಟೆಕ್ಸಸ್ ಹೊಯ್ಸಳ:

ಹಳೆ ಕಬ್ಬಿಣದವರ ಲೆಕ್ಕ ಸರಿ, ತೀರ್ಮಾನ ತಪ್ಪು.

ಗ್ಯಾರಂಡ್ ಸುಮಾರು 54 ಲಕ್ಷ ತಯಾರಾಯಿತು ನಿಜ, ಆದರೆ ಈಗ ಯಾರೂ ಸೇನೆಗೆ ತಯಾರಿಸುತ್ತಿಲ್ಲ. ಅಲಬಾಮಾದ ಆನಿಸ್ಟನ್‌ನಲ್ಲಿರುವ ಸಿಎಂಪಿ, ಅಂದರೆ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಸೇನೆಯಿಂದ ಬಂದವನ್ನು ಪರೀಕ್ಷಿಸಿ ಮಾರುತ್ತದೆ. ಫಿಲಿಪ್ಪೀನ್ಸ್ ಮತ್ತು ಟರ್ಕಿಗೆ ಎರವಲು ಕೊಟ್ಟಿದ್ದವೂ ಮರಳಿ ಬಂದವು. ಅವೂ ಮುಗಿದ ಮೇಲೆ ಖಾಸಗಿಯವರು ಹೇಳಿದ್ದೇ ಬೆಲೆ. ಎಸ್‌ಕೆಎಸ್ ನಾಳೆ ಕೊಂಡರೂ ಆಗುತ್ತದೆ ಎನ್ನುವವರು 1994ಕ್ಕೆ ಮೊದಲು ಚೀನೀ ಎಸ್‌ಕೆಎಸ್ ನೂರು ಡಾಲರಿನ ಆಸುಪಾಸಿನಲ್ಲಿ ಬಿದ್ದಿತ್ತು ಎಂಬುದನ್ನು ನೆನಪಿಡಲಿ. ಆಮದು ನಿಂತಿತು, ಬೆಲೆ ಏರಿತು.

ಇನ್ನು ಕಣ್ಣಿನ ವಿಷಯ, ಅದನ್ನು ಅವರು ಮುಟ್ಟಲೇ ಇಲ್ಲ. ಎಸ್‌ಕೆಎಸ್‌ನ ಹಿಂದಿನ ಗುರಿಗಣ್ಣು ನಳಿಗೆಯ ಬುಡದಲ್ಲಿ, ಕಣ್ಣಿನಿಂದ ದೂರದಲ್ಲಿರುವ ಸಣ್ಣ ಕಚ್ಚು. ನಲವತ್ತೈದು ದಾಟಿದವರಿಗೆ ಕಚ್ಚು, ಮುಂದಿನ ಕಡ್ಡಿ, ಗುರಿ ಮೂರೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ಗ್ಯಾರಂಡಿನದು ಕಣ್ಣಿಗೆ ಹತ್ತಿರದ ದುಂಡು ತೂತು. ಅದರೊಳಗಿಂದ ಮುಂದಿನ ಕಡ್ಡಿಯನ್ನು ನೋಡಿದರೆ ಸಾಕು, ತೂತು ತಾನೇ ನಡುವಿಗೆ ಬರುತ್ತದೆ. ನೂರು ಗಜದಲ್ಲಿ ಒಂದು ಕ್ಲಿಕ್ಕಿಗೆ ಸುಮಾರು ಒಂದು ಇಂಚು ಸರಿಯುತ್ತದೆ. ಸೇನಾ ರೈಫಲ್‌ಗಳಲ್ಲಿ ಇಷ್ಟು ಒಳ್ಳೆಯ ಗುರಿಗಣ್ಣು ಬಹಳ ಅಪರೂಪ.

ನಾಲ್ಕು ತಿಂಗಳು ಕಾಯಿರಿ, ಇನ್ನೂ ಸ್ವಲ್ಪ ಹಣ ಸೇರಿಸಿ, ಸಿಎಂಪಿಯಿಂದ ಗ್ಯಾರಂಡನ್ನೇ ತನ್ನಿ.

ಡಲ್ಲಾಸ್ ಅತಿಥಿ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಎಚ್-1ಬಿ ವೀಸಾದಲ್ಲಿರುವವರು ಕೊಳ್ಳಬಹುದೇ? ಒಬ್ಬರು ಆಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಗಡೀಪಾರು ಎನ್ನುತ್ತಾರೆ.

ಟೆಕ್ಸಸ್ ಹೊಯ್ಸಳ:

ಇಬ್ಬರೂ ಅರ್ಧ ಸರಿ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ, ಚಾಲ್ತಿಯಲ್ಲಿರುವ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಅದರಲ್ಲೊಂದು. ಗ್ರೀನ್ ಕಾರ್ಡ್ ಇದ್ದವರು ಅಂಗಡಿಯಲ್ಲಿ 4473 ನಮೂನೆ ತುಂಬಿ ಕೊಳ್ಳಬಹುದು. ಆದರೆ ಸಿಎಂಪಿ ಕಾನೂನಿನ ಪ್ರಕಾರ ಪೌರರಿಗೆ ಮಾತ್ರ ಮಾರುತ್ತದೆ. 4473ರಲ್ಲಿ ಒಂದು ಸುಳ್ಳು ಗುರುತು ಹಾಕಿದರೂ ಅದು ಗಂಭೀರ ಅಪರಾಧ, ವಲಸೆ ಕಡತಕ್ಕೂ ಅಂಟಿಕೊಳ್ಳುತ್ತದೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ವಿರಾಜಪೇಟೆಯವನು:

ಊರಿನಿಂದ ಓದುತ್ತಿದ್ದೇನೆ, ಹೊಟ್ಟೆ ಉರಿಯುತ್ತಿದೆ. ಕೊಡವರಿಗೂ ಕೊಡಗಿನ ಹಳೆಯ ಭೂಹಿಡುವಳಿಯಾದ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಆದರೆ ನೀವು ಹೇಳುತ್ತಿರುವ ಸೇನಾ ಮಾದರಿಯ, ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಇಲ್ಲಿ ನಿಷೇಧಿತ ವರ್ಗದ್ದು. ನಿವೃತ್ತರಾಗಿ ಊರಿಗೆ ಬರುವಾಗ ಜೊತೆಗೆ ತರುವ ಕನಸಿದ್ದರೆ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರಿಗೆ ಒಂದು ಸಲಹೆ. ಅಪ್ಪನ ನೆನಪೇ ಮುಖ್ಯವಾದರೆ, ಅಮೆರಿಕದಲ್ಲಿ ಈಶಾಪುರದ 2ಎ1 ರೈಫಲ್ ಹಳೆಯ ಮಾಲಾಗಿ ಸಿಗುತ್ತದೆಯಲ್ಲ? ನೋಡಲು ಬ್ರಿಟಿಷ್ ಕಾಲದ .303 ರೈಫಲಿನ ತಮ್ಮನಂತೆ, ತಿನ್ನುವುದು ಎಸ್‌ಎಲ್‌ಆರ್‌ನದೇ 7.62.

ಹಳೆ ಕಬ್ಬಿಣ:

2ಎ1 ಒಳ್ಳೆಯ ರೈಫಲ್, ಆದರೆ ಪ್ರತಿ ಹೊಡೆತಕ್ಕೂ ಬೋಲ್ಟ್ ಎಳೆಯಬೇಕು. ಅವರು ಕೇಳಿದ್ದು ತಾನೇ ತುಂಬಿಕೊಳ್ಳುವುದನ್ನು.

ಟೆಕ್ಸಸ್‌ನವರು ಗುರಿಗಣ್ಣಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಬೆಲೆ ಏರುತ್ತದೆ ಎಂಬ ಕಾರಣಕ್ಕೆ ರೈಫಲ್ ಕೊಳ್ಳುವುದನ್ನು ಒಪ್ಪುವುದಿಲ್ಲ. ಅದಕ್ಕೆ ಚಿನ್ನವಿದೆ. ಗ್ಯಾರಂಡಿನಿಂದ ಹಣ ಮಾಡದವರಲ್ಲಿ ಮೊದಲಿಗರು ಜಾನ್ ಗ್ಯಾರಂಡರೇ. ಕ್ವಿಬೆಕ್‌ನಲ್ಲಿ ಹುಟ್ಟಿ, ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಶಸ್ತ್ರಾಗಾರದಲ್ಲಿ ಸಂಬಳಕ್ಕೆ ದುಡಿದವರು. 1936ರಲ್ಲಿ ಸೇನೆ ಅವರ ರೈಫಲನ್ನು ಒಪ್ಪಿಕೊಂಡಿತು. ಪೇಟೆಂಟನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಒಂದು ಲಕ್ಷ ಡಾಲರ್ ಗೌರವಧನ ಕೊಡುವ ಮಸೂದೆ ಸಂಸತ್ತಿಗೆ ಬಂದು ಅಲ್ಲೇ ಬಿದ್ದುಹೋಯಿತು. ನನ್ನಂಥ ಯಂತ್ರದ ಕೆಲಸಗಾರನಿಗೆ ಈ ಸಂಗತಿ ಇಂದಿಗೂ ಕೋಪ ತರಿಸುತ್ತದೆ, ವಿಷಯಾಂತರವಾದರೂ ಬರೆಯದೆ ಇರಲಾರೆ.

ಕೊಲಂಬಸ್‌ವಾಸಿಯವರೇ, ಎರಡೂ ಬೇಕಾದರೆ ದಾರಿ ಹೀಗಿದೆ. ಈಗ ಎಸ್‌ಕೆಎಸ್ ಕೊಂಡು ಹೊಡೆಯಿರಿ. ಜೊತೆಗೆ ಸಿಎಂಪಿಗೆ ಸೇರಿದ ಹತ್ತಿರದ ಕ್ಲಬ್ಬೊಂದಕ್ಕೆ ಸದಸ್ಯರಾಗಿ. ಇಂಥ ಅನೇಕ ಕ್ಲಬ್ಬುಗಳು ಗ್ಯಾರಂಡ್ ಪಂದ್ಯ ನಡೆಸುತ್ತವೆ. ಮೂವತ್ತು ಲೆಕ್ಕದ ಗುಂಡು: ಮಲಗಿ ನಿಧಾನವಾಗಿ ಹತ್ತು, ಮಲಗಿ ವೇಗವಾಗಿ ಹತ್ತು, ನಿಂತು ಹತ್ತು. ಹೊಸಬರಿಗೆ ತಮ್ಮ ರೈಫಲ್ ಎರವಲು ಕೊಡಲು ಅಲ್ಲಿನ ಮುದುಕರು ಕಾದು ಕುಳಿತಿರುತ್ತಾರೆ. ನಾನೂ ಅವರಲ್ಲೊಬ್ಬ. ಆ ಪಂದ್ಯದಲ್ಲಿ ಭಾಗವಹಿಸಿದ ಪತ್ರ, ಕ್ಲಬ್ ಸದಸ್ಯತ್ವ, ಪೌರತ್ವದ ದಾಖಲೆ ಇವನ್ನೇ ಸಿಎಂಪಿ ಅರ್ಜಿಯ ಜೊತೆ ಕೇಳುತ್ತದೆ. ಅಷ್ಟರಲ್ಲಿ ನಿಮ್ಮ ಹೆಗಲಿಗೆ ಗ್ಯಾರಂಡ್ ಹೊಂದುತ್ತದೋ ಇಲ್ಲವೋ ಗೊತ್ತಾಗಿರುತ್ತದೆ. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ ಪ್ರತಿ ಬೇಸಿಗೆಯಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆಯುತ್ತವೆ. ನಿಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆಯ ಚಿಲ್ಲರೆ. ಹೋಗಿ ನೋಡಿ.

ಕೊಲಂಬಸ್‌ವಾಸಿ:

ಇದು ಮನಸ್ಸಿಗೆ ಒಪ್ಪಿತು. ಇವತ್ತು ಒಂದು ಅಂಗಡಿಯಲ್ಲಿ ಯುಗೊಸ್ಲಾವ್ ಎಂ59/66 ನೋಡಿದೆ. ಮೂತಿಯಲ್ಲಿ ಗ್ರೆನೇಡ್ ಉಡಾಯಿಸುವ ಕೊಳವೆ ಇದೆ, ಮಡಚುವ ಬಯನೆಟ್ ಇದೆ. 650 ಕೇಳುತ್ತಿದ್ದಾರೆ. ಮೈಯೆಲ್ಲ ಕಂದು ಬಣ್ಣದ ಮೇಣದಂಥ ಜಿಡ್ಡು. ಬೋಲ್ಟಿನ ಸಂಖ್ಯೆ ರೈಫಲಿನ ಸಂಖ್ಯೆಗೆ ಹೊಂದುತ್ತದೆ, ಮ್ಯಾಗಜಿನ್ನಿನದು ಹೊಂದುವುದಿಲ್ಲ. ಮಾರುವವರು 'ಹೊರಗೆ ತೆಗೆಯುವ ಮೂವತ್ತು ತೋಟಾದ ಮ್ಯಾಗಜಿನ್ ಹಾಕಿಕೊಡುತ್ತೇನೆ' ಎನ್ನುತ್ತಾರೆ. ಏನು ನೋಡಬೇಕು?

ಹಳೆ ಕಬ್ಬಿಣ:

ಆ ಮೂವತ್ತರ ಮ್ಯಾಗಜಿನ್ ಬೇಡ. ಅಗ್ಗದವು ಸಿಕ್ಕಿಕೊಳ್ಳುತ್ತವೆ. ಜೊತೆಗೆ ಆಮದಾದ ರೈಫಲಿನ ಮೂಲರೂಪ ಕೆಡಿಸಿದರೆ 922 ಆರ್ ಎಂಬ ಫೆಡರಲ್ ನಿಯಮದ ಪ್ರಕಾರ ವಿದೇಶಿ ಬಿಡಿಭಾಗಗಳನ್ನು ಎಣಿಸುತ್ತಾ ಕೂರಬೇಕು. ಹತ್ತು ತೋಟಾದ ಮೂಲ ಮ್ಯಾಗಜಿನ್, ತೋಟಾಗಳನ್ನು ಸಾಲಾಗಿ ಹಿಡಿದು ಮೇಲಿನಿಂದ ಒತ್ತುವ ಸ್ಟ್ರಿಪ್ಪರ್ ಕ್ಲಿಪ್ ಎಂಬ ಪಟ್ಟಿ, ಅಷ್ಟೇ ಸಾಕು. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಯೋಚನೆ ಇದ್ದರೆ ಈ ರೈಫಲ್ಲೇ ಬೇಡ, ಗ್ರೆನೇಡ್ ಕೊಳವೆಯ ಕಾರಣಕ್ಕೆ ಅಲ್ಲಿ ತೊಂದರೆ.

ಮೊದಲು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ರಷ್ಯಾದ ಮತ್ತು ಬಹುಪಾಲು ಚೀನೀ ಎಸ್‌ಕೆಎಸ್‌ಗಳ ನಳಿಗೆಗೆ ಒಳಗೆ ಕ್ರೋಮ್ ಲೇಪನವಿದೆ, ಯುಗೊಸ್ಲಾವ್‌ಗೆ ಇಲ್ಲ. ಹಳೆಯ ಸೇನಾ ತೋಟಾದ ಹಿಂಬದಿಯಲ್ಲಿ ಕಿಡಿ ಹಚ್ಚುವ ಕ್ಯಾಪಿನಿಂದ ಉಳಿಯುವ ಪೊಟ್ಯಾಸಿಯಮ್ ಕ್ಲೋರೈಡ್ ಉಪ್ಪು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಒಳಗೆ ಕಪ್ಪು ಗುಳಿಗಳು ಕಂಡರೆ ಬಿಟ್ಟು ಬನ್ನಿ. ಮುಂದೆ ನೀವು ಅಗ್ಗದ ಯುಗೊಸ್ಲಾವ್ ತೋಟಾ ಕೊಂಡರೂ ಇದೇ ಗತಿ. ಆ ಉಪ್ಪು ಎಣ್ಣೆಗೆ ಕರಗುವುದಿಲ್ಲ, ಬಿಸಿನೀರಿಗೆ ಕರಗುತ್ತದೆ. ಹೊಡೆದ ದಿನವೇ ಬಿಸಿನೀರು, ಒಣಬಟ್ಟೆ, ಆಮೇಲೆ ಎಣ್ಣೆ.

ಎರಡನೆಯದು ಮುಂದಿನ ಗ್ಯಾಸ್ ವಾಲ್ವ್. ಗ್ರೆನೇಡ್ ಹಾರಿಸುವಾಗ ಗ್ಯಾಸ್ ಮುಚ್ಚಲೆಂದು ಯುಗೊಸ್ಲಾವರು ಇಟ್ಟ ಗುಂಡಿ ಅದು. ಸವೆದಿದ್ದರೆ ಗ್ಯಾಸ್ ಸೋರಿ, ಪ್ರತಿ ಹೊಡೆತಕ್ಕೂ ಕೈಯಿಂದ ಬೋಲ್ಟ್ ಎಳೆಯಬೇಕಾಗುತ್ತದೆ. ಹೊಸ ವಾಲ್ವ್ ಸಿಗುತ್ತದೆ, ದುಬಾರಿಯಲ್ಲ, ಆದರೆ ಚೌಕಾಶಿಗೆ ಒಳ್ಳೆಯ ನೆಪ.

ಮೂರನೆಯದು ನೀವು ನೋಡಿದ ಆ ಜಿಡ್ಡು, ಕಾಸ್ಮೊಲೀನ್. ಅದು ಇದ್ದರೆ ರೈಫಲ್ ಗೋದಾಮಿನಲ್ಲಿ ಮಲಗಿತ್ತು ಎಂದರ್ಥ, ಒಳ್ಳೆಯದೇ. ಆದರೆ ಬೋಲ್ಟಿನ ಒಳಗೆ ಅದು ಗಟ್ಟಿಯಾಗಿ, ಸ್ಪ್ರಿಂಗ್ ಇಲ್ಲದೆ ಸಡಿಲವಾಗಿ ಓಡಾಡುವ, ಕ್ಯಾಪಿಗೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ನನ್ನು ಮುಂದಕ್ಕೆ ಹಿಡಿದುಬಿಟ್ಟರೆ, ಬೋಲ್ಟ್ ಮುಚ್ಚಿದ ಕ್ಷಣವೇ ಗುಂಡು ಹಾರುತ್ತದೆ. ಟ್ರಿಗರ್ ಮುಟ್ಟುವ ಮೊದಲೇ. ಮನೆಗೆ ತಂದ ಮೇಲೆ ಬೋಲ್ಟ್ ಬಿಚ್ಚಿ, ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿ, ಒಣಗಿಸಿ, ಕಿವಿಯ ಹತ್ತಿರ ಅಲುಗಾಡಿಸಿ. ಪಿನ್ ಕಟಕಟ ಎನ್ನಬೇಕು. ಮೊದಲ ದಿನ ರೇಂಜಿನಲ್ಲಿ ಎರಡೇ ತೋಟಾ ತುಂಬಿ ಪರೀಕ್ಷಿಸಿ, ಮೂತಿ ಗುರಿಯ ಕಡೆಗೇ ಇರಲಿ. ರೇಂಜಿಗೆ ಫೋನ್ ಮಾಡಿ ಕೇಳಿಕೊಳ್ಳಿ, ಕೆಲವರು ಗುಂಡಿನಲ್ಲಿ ಉಕ್ಕು ಇದೆಯೇ ಎಂದು ಅಯಸ್ಕಾಂತ ಹಿಡಿದು ನೋಡುತ್ತಾರೆ. ಅಂಟಿದರೆ ಒಳಗೆ ಬಿಡುವುದಿಲ್ಲ.

ಬೋಲ್ಟಿನ ಸಂಖ್ಯೆ ಹೊಂದಿದೆಯಲ್ಲ, ಹೊಡೆಯುವವನಿಗೆ ಅದು ಮುಖ್ಯ. ಮ್ಯಾಗಜಿನ್ನಿನದು ಸಂಗ್ರಹಕಾರರ ತಲೆನೋವು. ಆದರೂ ಅದನ್ನೇ ತೋರಿಸಿ ಬೆಲೆ ಇಳಿಸಿ. 575ಕ್ಕೆ ಬಂದರೆ ತನ್ನಿ, 650ಕ್ಕೇ ಪಟ್ಟು ಹಿಡಿದರೆ ಮುಂದಿನ ಗನ್ ಷೋಗೆ ನಾನೇ ಜೊತೆಗೆ ಬರುತ್ತೇನೆ. ಬರುವಾಗ ನಳಿಗೆ ನೋಡುವ ಸಣ್ಣ ಟಾರ್ಚ್ ತರುವುದನ್ನು ಮರೆಯಬೇಡಿ, ಅಲ್ಲಿನ ದೀಪಗಳು ಎಲ್ಲ ನಳಿಗೆಯನ್ನೂ ಹೊಳೆಯುವಂತೆ ತೋರಿಸುತ್ತವೆ.