ಮೇಲ್ಮನವಿ: ಆದೇಶದ ಮೇಲಿನ ತಾರೀಖಿನಿಂದ ಲೆಕ್ಕವಾ, ಕೈಗೆ ಬಂದ ದಿನದಿಂದವಾ?

ಪ್ರಶ್ನೆ: ವಿರಾಜಪೇಟೆ ಎಸ್‌ಡಿಎ (ಆಗಸ್ಟ್ 25)

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೇನೆ. 14 ವರ್ಷ ಸರ್ವೀಸು. ಎರಡು ವರ್ಷದ ಹಿಂದೆ ಮೂರ್ನಾಡು ರಸ್ತೆಯಲ್ಲಿ ಮಳೆಗೆ ಸ್ಕೂಟರ್ ಜಾರಿ ಬಲಗಾಲಿನ ಮಂಡಿ ಹೋಯಿತು. ಈಗ ಕೋಲು ಹಿಡಿದೇ ನಡೆಯುವುದು. ಶೇ 45 ಅಂಗವಿಕಲತೆ ಎಂದು ಪ್ರಮಾಣಪತ್ರ ಇದೆ, ಕಚೇರಿಗೂ ಕೊಟ್ಟಿದ್ದೇನೆ.

ಕಳೆದ ಮಳೆಗಾಲದಲ್ಲಿ ಗುಡ್ಡದ ಬರೆ ಕುಸಿಯುವ ಜಾಗಗಳಿಗೆ ರಾತ್ರಿ ಪಾಳಿ ಹಾಕಿದರು. ಆ ಇಳಿಜಾರಿನ ಕೆಸರಲ್ಲಿ ನನ್ನ ಕೋಲು ನಿಲ್ಲುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಕೆಲಸ ಕೊಡಿ, ರಾತ್ರಿಯಿಡೀ ಕೂರುತ್ತೇನೆ ಎಂದು ಬರೆದುಕೊಟ್ಟೆ. ಬಿಪಿ ಇದೆ ಅಂದ ಇನ್ನೊಬ್ಬರಿಗೆ ಆ ಕೆಲಸ ಸಿಕ್ಕಿತು. ನನಗೆ ಸಿಕ್ಕಿದ್ದು ನೋಟಿಸ್. ಈಗ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿದು ಆದೇಶ ಮಾಡಿದ್ದಾರೆ.

ಆದೇಶದ ಮೇಲೆ ಜೂನ್ 2 ಅಂತಿದೆ. ನನ್ನ ಕೈಗೆ ಬಂದದ್ದು ಜೂನ್ 19ಕ್ಕೆ. ಆವತ್ತು ಮೂರನೇ ದಿನವೂ ಕರೆಂಟ್ ಇರಲಿಲ್ಲ, ಮೇಣದ ಬತ್ತಿ ಬೆಳಕಲ್ಲಿ ಸಹಿ ಹಾಕಿದೆ. ಜುಲೈ ಮೊದಲ ವಾರ ಅದೇ ಸಾಹೇಬರಿಗೆ ಪುನರ್‌ಪರಿಶೀಲಿಸಿ ಎಂದು ಮನವಿ ಕೊಟ್ಟೆ. "ನೋಡೋಣ, ಮಳೆ ಕಡಿಮೆಯಾಗಲಿ" ಅಂದರು. ಇವತ್ತಿನವರೆಗೆ ಉತ್ತರ ಇಲ್ಲ. ಉತ್ತರ ಬಂದ ಮೇಲೆ ಮೇಲ್ಮನವಿ ಹಾಕಿದರೆ ಸಾಕಾ? ಮೇಲಿನವರನ್ನು ಎದುರು ಹಾಕಿಕೊಳ್ಳುವುದು ಬೇಡ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ಉತ್ತರ: ನಿವೃತ್ತ ಅಧೀಕ್ಷಕ, ಸೋಮವಾರಪೇಟೆ

ತಮ್ಮಾ, ಮೊದಲು ಒಂದು ಮಾತು. ಉತ್ತರಕ್ಕೆ ಕಾಯಬೇಡಿ. ನಾನು ಸಿಬ್ಬಂದಿ ಶಾಖೆಯಲ್ಲೇ 20 ವರ್ಷಕ್ಕಿಂತ ಜಾಸ್ತಿ ಕೂತಿದ್ದವನು. ಒಳ್ಳೆಯ ಕೇಸುಗಳು ಕೆಟ್ಟದ್ದು ಹೆಚ್ಚಾಗಿ ಹೀಗೇ, ಸಾಹೇಬರು ನೋಡೋಣ ಅಂದಿದ್ದಾರೆ ಅಂತ ಕಾದು.

ನೀವು ರಾಜ್ಯ ಸರ್ಕಾರಿ ನೌಕರರು. ನಿಮಗೆ 1957ರ ಕರ್ನಾಟಕ ನಾಗರಿಕ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು, ನಾವೆಲ್ಲ ಸಿಸಿಎ ರೂಲ್ಸ್ ಅನ್ನುವುದು. ಅದರಲ್ಲಿ ಮೇಲ್ಮನವಿಗೆ ಮೂರು ತಿಂಗಳು. ಲೆಕ್ಕ ಶುರುವಾಗುವುದು ಆದೇಶದ ಪ್ರತಿ ನಿಮ್ಮ ಕೈ ಸೇರಿದ ದಿನದಿಂದ. ಜೂನ್ 19 ಅಂದರೆ ಸೆಪ್ಟೆಂಬರ್ 18 ಅಂತ ಇಟ್ಟುಕೊಳ್ಳಿ. ಆದರೆ ನನ್ನ ಮಾತು ಕೇಳುವುದಾದರೆ ಸೆಪ್ಟೆಂಬರ್ 1ರ ಒಳಗೇ ಕೊಟ್ಟುಬಿಡಿ. ಆಗ ಯಾವ ತಾರೀಖಿನಿಂದ ಎಣಿಸಿದರೂ ನೀವು ಗಡುವಿನ ಒಳಗೇ ಇರುತ್ತೀರಿ. 3ಕ್ಕೆ ಕೊಡವರ ಕೈಲ್‌ಪೊಳ್ದ್ ಹಬ್ಬ ಬೇರೆ. ಆ ವಾರ ಟಪಾಲಿನಲ್ಲಿ ಯಾರು ಸಿಗುತ್ತಾರೆ ಹೇಳಿ.

ಇನ್ನೊಂದು. ಜೂನ್ 19ಕ್ಕೆ ಸಹಿ ಹಾಕಿದಾಗ ಕೆಳಗೆ ತಾರೀಖು ಬರೆದಿದ್ದೀರಾ? ಬರೆಯದಿದ್ದರೆ ಕಾಗದ ಕೈಗೆ ಕೊಟ್ಟು ಸಹಿ ಪಡೆಯುವ ಮುದ್ದಾಂ ಟಪಾಲು ಪುಸ್ತಕದ ಆ ಪುಟದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಕೊಡಬೇಕು. ಅದು ಬರಲಿ ಅಂತ ಮೇಲ್ಮನವಿ ನಿಲ್ಲಿಸಬೇಡಿ.

ಅರ್ಜಿ ನಿಮ್ಮ ಹೆಸರಲ್ಲೇ ಇರಲಿ. ಇಬ್ಬರು ಮೂವರು ಸೇರಿ ಕೊಟ್ಟರೆ ನಡೆಯುವುದಿಲ್ಲ. ಹೇಳಬೇಕಾದ್ದೆಲ್ಲ ಅದರಲ್ಲೇ ಬರಲಿ. ಸಿಟ್ಟಿನ ಮಾತು ಒಂದೂ ಬೇಡ, ಅಗೌರವದ ಭಾಷೆ ಅಂತ ಅದನ್ನೇ ನೆಪ ಮಾಡುತ್ತಾರೆ. ಬಿಪಿ ಇದ್ದವರಿಗೆ ಕಂಟ್ರೋಲ್ ರೂಮು ಕೊಟ್ಟ ಪಾಳಿ ಪಟ್ಟಿ ಇದೆಯಲ್ಲ, ಅದನ್ನು ಲಗತ್ತಿಸಿ. ನಿಮ್ಮ ಕೇಸಿನ ಜೀವ ಅದರಲ್ಲಿದೆ.

ತಡವಾದರೆ ಬಾಗಿಲು ಪೂರ್ತಿ ಮುಚ್ಚುತ್ತದೆ ಅಂತಲ್ಲ. 2018ರ ಆಗಸ್ಟ್‌ನಲ್ಲಿ ಮನೆ ಕಳಕೊಂಡು ಪರಿಹಾರ ಕೇಂದ್ರದಲ್ಲಿದ್ದ ಒಬ್ಬರ ಮೇಲ್ಮನವಿ 40 ದಿನ ತಡವಾಗಿತ್ತು. ಕೇಂದ್ರದಲ್ಲಿದ್ದ ದಿನಗಳ ದಾಖಲೆ ಇಟ್ಟು ಒಂದೊಂದು ವಾರಕ್ಕೂ ಕಾರಣ ಬರೆಸಿದೆ, ವಿಳಂಬ ಮನ್ನಾ ಆಯಿತು. ನಿಮಗೆ ಹಾಗೆ ಹೇಳಲು ಏನಿದೆ? ಉತ್ತರಕ್ಕೆ ಕಾಯುತ್ತಿದ್ದೆ ಅಂದರೆ ಯಾರೂ ಒಪ್ಪುವುದಿಲ್ಲ.

ಉತ್ತರ: ಅಂಚೆ ಅಕ್ಕ, ಕುಶಾಲನಗರ

ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕೇಂದ್ರ ಸರ್ಕಾರಿ ನೌಕರಳು. ನಮಗೆ 1965ರ ನಿಯಮ, ಬರೀ 45 ದಿನ. ಹೆರಿಗೆ ರಜೆ ಮುಗಿಸಿ ಬಂದಾಗ ಒಂದು ದಂಡನೆ ಆದೇಶ ಕೊಟ್ಟರು. ಮೇಲಿನವರು ಕರೆದು ಸರಿ ಮಾಡುತ್ತೇವೆ ಅಂದರು. ಮಗು ಎದೆಯಲ್ಲಿ, ಸುಮ್ನೆ ಇದ್ದೆ. 70ನೇ ದಿನ ಅರ್ಜಿ ಕೊಟ್ಟೆ, ಅವಧಿ ಮೀರಿದೆ ಅಂತ ಹಿಂಬರಹ ಬಂತು. ನನ್ನ ಮಾತು ಸರಿಯೋ ತಪ್ಪೋ ಅಂತ ಯಾರೂ ನೋಡಲೇ ಇಲ್ಲ. ಆ ಹಿಂಬರಹ ಈಗಲೂ ಬೀರುವಿನಲ್ಲಿದೆ. ದಯವಿಟ್ಟು ಈ ವಾರವೇ ಕೊಡಿ ಅಣ್ಣ.

ಉತ್ತರ: ವಕೀಲ, ಮಡಿಕೇರಿ

ಮನವಿ ಕೊಟ್ಟರೆ ಗಡುವು ನಿಲ್ಲುತ್ತದಾ ಅನ್ನುವುದಕ್ಕೆ 1989ರಲ್ಲೇ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿದೆ. ಎಸ್.ಎಸ್. ರಾಥೋರ್ ಪ್ರಕರಣ. ನಿಯಮದಲ್ಲಿ ಹೇಳಿರುವ ಮೇಲ್ಮನವಿ ಬೇರೆ, ನಾವಾಗಿ ಮತ್ತೆ ಮತ್ತೆ ಕೊಡುವ ಮನವಿ ಬೇರೆ. ಎರಡನೆಯದರಿಂದ ಕಾಲಮಿತಿ ಬೆಳೆಯುವುದಿಲ್ಲ.

ಮುಂದಿನ ಮೆಟ್ಟಿಲು ಬೆಂಗಳೂರಿನ ಕೆಎಟಿ, ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಇಲಾಖೆಯ ಮೇಲ್ಮನವಿ ಮುಗಿಸಿಯೇ ಅಲ್ಲಿಗೆ ಹೋಗಬೇಕು. ಅಂತಿಮ ಆದೇಶ ಬಂದ ಮೇಲೆ ಒಂದು ವರ್ಷ ಇರುತ್ತದೆ. ಮೇಲ್ಮನವಿ ಕೊಟ್ಟು ಆರು ತಿಂಗಳಾದರೂ ಆದೇಶ ಬರದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ. ಹಾಗಾಗಿ ಅರ್ಜಿ ಸ್ವೀಕರಿಸಿದ ಮುದ್ರೆ ಇರುವ ಪ್ರತಿ ಜೋಪಾನ.

ನಿಮ್ಮದು ಬರೀ ಶಿಸ್ತಿನ ವಿಷಯ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ನೌಕರಿಯಲ್ಲಿ ಭೇದಭಾವ ಮಾಡಬಾರದು, ಕೆಲಸಕ್ಕೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಮೇಲ್ಮನವಿಯಲ್ಲಿ ಇದನ್ನು ಬರೆಯಲೇಬೇಕು. 23ನೇ ಕಲಂ ಪ್ರಕಾರ ಕುಂದುಕೊರತೆ ಅಧಿಕಾರಿಗೆ ಬೇರೆ ದೂರು ಕೊಡಬಹುದು, ನೋಂದಾಯಿಸಿದ ಎರಡು ವಾರದಲ್ಲಿ ವಿಚಾರಣೆ ಆಗಬೇಕು. ತೃಪ್ತಿ ಆಗದಿದ್ದರೆ ಜಿಲ್ಲಾ ಸಮಿತಿಗೆ ಹೋಗಬಹುದು. ಈ ದೂರು ಕೊಟ್ಟೆ ಅಂತ ಮೇಲ್ಮನವಿಯ ಗಡುವು ನಿಲ್ಲುವುದಿಲ್ಲ. ಎರಡೂ ಒಟ್ಟಿಗೆ ನಡೆಯಲಿ.

ವಿರಾಜಪೇಟೆ ಎಸ್‌ಡಿಎ (ಆಗಸ್ಟ್ 29)

ಸಾರ್, ಅಕ್ಕ, ವಕೀಲರೇ, ತುಂಬಾ ಉಪಕಾರವಾಯಿತು. ಸಹಿಯ ಕೆಳಗೆ 19-6 ಅಂತ ನಾನೇ ಬರೆದಿದ್ದೇನೆ, ಮೇಣದ ಹನಿಯೂ ಪಕ್ಕದಲ್ಲಿದೆ. ನಿನ್ನೆ ರಾತ್ರಿ ಕೂತು ನಾಲ್ಕು ಪುಟ ಬರೆದೆ. ಹೆಂಡತಿಯೇ ಓದಿ ಎರಡು ಸಿಟ್ಟಿನ ಸಾಲು ಹೊಡೆದು ಹಾಕಿದಳು. ಪಾಳಿ ಪಟ್ಟಿ, ಪ್ರಮಾಣಪತ್ರ ಲಗತ್ತಿಸಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಮಡಿಕೇರಿಗೆ ಹೋಗಿ ಮೇಲ್ಮನವಿ ಪ್ರಾಧಿಕಾರದ ಕಚೇರಿಯಲ್ಲಿ ಕೊಟ್ಟೆ. ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟ್ ಮಾಡಿದೆ. ನನ್ನ ಪ್ರತಿಯ ಮೇಲೆ ಮುದ್ರೆ ಬಿದ್ದಿದೆ, ತಾರೀಖು ಚೆನ್ನಾಗಿ ಕಾಣುತ್ತದೆ. 23ನೇ ಕಲಂನ ದೂರು ಸೋಮವಾರ ಕೊಡುತ್ತೇನೆ.