ಸಾಹುಕಾರರು ಬೆಂಗಳೂರಲ್ಲಿ, ಕಣ ಇಲ್ಲಿ. ವಾಟ್ಸಾಪ್‌ನಲ್ಲಿ ತೋಟ ನಡೆಸುವವರು ಯಾರಾದರೂ ಇದ್ದೀರಾ?

ಕಣದ_ರೈಟರ್ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದೇನೆ. ಮ್ಯಾನೇಜರ್ ಬಿಟ್ಟು ಹೋದ ಮೇಲೆ ಆ ಕೆಲಸವೂ ನನ್ನ ತಲೆಗೇ ಬಂತು. ಸಂಬಳ ಮಾತ್ರ ರೈಟರ್‌ದೇ. ಅದು ಬೇರೆ ಕಥೆ, ಬಿಡಿ.

ಹಿರಿಯ ಸಾಹುಕಾರರು ಹೋದ ಮೇಲೆ ಮಗ ನೋಡಿಕೊಳ್ಳುತ್ತಿದ್ದಾರೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಒಳ್ಳೆಯ ಮನುಷ್ಯ. ಬೈಯುವುದಿಲ್ಲ, ಒಂದನೇ ತಾರೀಖು ಬೆಳಿಗ್ಗೆಯೇ ಸಂಬಳ ಖಾತೆಗೆ ಬಿದ್ದಿರುತ್ತದೆ. ಹಿರಿಯರ ಕಾಲದಲ್ಲಿ ಅದಕ್ಕೆ ನಾಲ್ಕು ಸಲ ಬಂಗಲೆ ಬಾಗಿಲಲ್ಲಿ ನಿಂತು ಕೆಮ್ಮಬೇಕಿತ್ತು. ಹಾಗಾಗಿ 'ಕೆಲಸ ಬಿಡಿ' ಅನ್ನುವ ಸಲಹೆ ಬೇಡ.

ಅವರು ಬಂದ ಮೇಲೆ ಆಳಿನ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ಹೋಗಿ ಆಪ್ ಬಂತು. ಹಣ್ಣು ತೂಗುವುದು ಬ್ಲೂಟೂತ್ ತಕ್ಕಡಿಯಲ್ಲಿ. ಕಾಫಿ ಒಣಗಿಸುವ ಕಣಕ್ಕೊಂದು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೊಂದು ಕ್ಯಾಮೆರಾ. ಡೀಸೆಲ್, ಗೊಬ್ಬರದ ಲೆಕ್ಕವೆಲ್ಲ ಗೂಗಲ್ ಶೀಟ್‌ನಲ್ಲಿ. ಇದ್ಯಾವುದಕ್ಕೂ ನನ್ನ ತಕರಾರಿಲ್ಲ. ಶನಿವಾರ ರಾತ್ರಿ ಹನ್ನೊಂದರ ತನಕ ಕೂಲಿ ಲೆಕ್ಕ ಕೂಡಿಸುತ್ತಿದ್ದವನು ಈಗ ಊಟದ ಹೊತ್ತಿಗೆ ಮನೆಯಲ್ಲಿರುತ್ತೇನೆ.

ತಕರಾರು ಇರುವುದು ಗ್ರೂಪ್ ಬಗ್ಗೆ. ಅದರಲ್ಲಿ ಸಾಹುಕಾರರು, ಅವರ ಹೆಂಡತಿ, ಚಿಕ್ಕಪ್ಪ, ಚಿಕ್ಕಮಗಳೂರಿನ ಲೆಕ್ಕದವರು, ನಾನು, ಡ್ರೈವರ್, ಇಬ್ಬರು ಮೇಸ್ತ್ರಿಗಳು ಇದ್ದೇವೆ. ಬೆಳಿಗ್ಗೆ ಆಳು ಹಂಚಿದ ಕೂಡಲೇ ಫೋಟೋ ಹಾಕಬೇಕು. ಆಮೇಲೆ ಬ್ಲಾಕಿನದು, ಕಣದ್ದು, ಪಲ್ಪರ್‌ದು. ಹಳ್ಳದ ಕಡೆಯ ಬ್ಲಾಕಿನಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ಬಂದ ಕೂಡಲೇ ಮೆಸೇಜ್‌ಗಳೆಲ್ಲ ಒಟ್ಟಿಗೆ ಬೀಳುತ್ತವೆ. ಮೊದಲನೆಯದು ಪ್ರಶ್ನೆ, ಕೊನೆಯದು 'ಯಾಕೆ ರಿಪ್ಲೈ ಇಲ್ಲ?'

ಈ ಸಲ ಕೊಯ್ಲಿನಲ್ಲಿ ಆಗಿದ್ದು ಹೇಳುತ್ತೇನೆ. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಹರವಿತ್ತು. ಮಧ್ಯಾಹ್ನ ಚಾರ್ಮಾಡಿ ಕಡೆಯಿಂದ ಮೋಡ ಏಳುತ್ತಿತ್ತು. ಮೊದಲಾಗಿದ್ದರೆ ಆಳು ಕರೆದು, ರಾಶಿ ಎಳೆದು, ಟಾರ್ಪಾಲು ಮುಚ್ಚಿ ಆಮೇಲೆ ವಿಷಯ ಹೇಳುತ್ತಿದ್ದೆ. ಆದರೆ ಹಿಂದೊಮ್ಮೆ ಹಾಗೆ ಮಾಡಿದಾಗ ಮಳೆ ಬರಲಿಲ್ಲ. ಕ್ಯಾಮೆರಾದಲ್ಲಿ ಸಾಹುಕಾರರಿಗೆ ಕಣದ ತುಂಬ ಆಳು ಕಂಡಿದ್ದಾರೆ. 'ಕೊಯ್ಲು ಯಾಕೆ ನಿಂತಿದೆ?' ಅಂತ ಕೇಳಿ, ಕೆಳಗೆ ಹವಾಮಾನ ಆಪ್‌ನ ಸ್ಕ್ರೀನ್‌ಶಾಟ್ ಹಾಕಿದರು. ಅದು ಮೂಡಿಗೆರೆ ಪೇಟೆಯ ಹವಾಮಾನ. ನಮ್ಮಲ್ಲಿ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ, ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ಈ ಸಲ ಕೇಳಿದೆ. 'ಮೋಡ ಇದೆ, ಕೊಯ್ಲು ನಿಲ್ಲಿಸಿ ಕಣ ಮುಚ್ಚಿಸಲಾ?' ಅಂತ ಹಾಕಿದೆ. ಸಾಹುಕಾರರು ಮೀಟಿಂಗ್‌ನಲ್ಲಿದ್ದರು. ಚಿಕ್ಕಪ್ಪ ಒಂದು ಹೆಬ್ಬೆರಳು ಹಾಕಿದರು. ಅದು 'ಮುಚ್ಚು' ಅಂತಲೋ 'ನೋಡಿದೆ' ಅಂತಲೋ ಗೊತ್ತಾಗಲಿಲ್ಲ. ಫೋನ್ ಮಾಡಿದರೆ ಅವರೂ ಎತ್ತಲಿಲ್ಲ. ಕೊನೆಗೆ ಕಣದಲ್ಲಿದ್ದ ನಾಲ್ಕೈದು ಜನರನ್ನೇ ಸೇರಿಸಿಕೊಂಡು ಮುಚ್ಚಲು ಹೊರಟೆ. ಅರ್ಧ ಮುಚ್ಚುವಷ್ಟರಲ್ಲಿ ಮಳೆ ಸುರಿಯಿತು. ಒಣಗುತ್ತಿದ್ದ ಪಾರ್ಚ್‌ಮೆಂಟ್ ಮತ್ತೆ ನೆನೆದರೆ ಬಣ್ಣ ಕೆಡುತ್ತದೆ, ಬೂಷ್ಟು ವಾಸನೆ ಹಿಡಿಯುತ್ತದೆ, ರೇಟು ಬೀಳುತ್ತದೆ.

ಸಂಜೆ ಸಾಹುಕಾರರು ಫೋನ್ ಮಾಡಿ ತುಂಬ ಮೆತ್ತಗೆ ಹೇಳಿದರು, 'ಅಣ್ಣ, ಇಂಥದ್ದೆಲ್ಲ ನೀವೇ ಡಿಸೈಡ್ ಮಾಡ್ಬೇಕಲ್ವಾ?'

ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಇನ್ನೊಂದಿದೆ. ನಮ್ಮಲ್ಲಿ ಅರೇಬಿಕಾ, ರೋಬಸ್ಟಾ ಎರಡೂ ಜಾತಿಯ ಕಾಫಿ ಇದೆ. ರೋಬಸ್ಟಾ ರೇಟು ನಿಂತಿರುವುದು ಲಂಡನ್ ಮಾರ್ಕೆಟ್ ಮೇಲೆ. ಚಳಿಗಾಲದಲ್ಲಿ ಅದು ಶುರುವಾಗುವುದು ನಮ್ಮ ಮಧ್ಯಾಹ್ನ 2:30ಕ್ಕೆ, ಮುಗಿಯುವುದು ರಾತ್ರಿ 11ಕ್ಕೆ. ಹಾಗಾಗಿ 'ನಾಳೆ ಆಳೆಲ್ಲ ರೋಬಸ್ಟಾಗೆ ಹಾಕಿ' ಅನ್ನುವ ಮೆಸೇಜ್ ಬರುವುದು ನಾನು ಮಲಗುವ ಹೊತ್ತಿಗೆ. ಮೇಸ್ತ್ರಿಗಳು ನಾಳೆ ಯಾವ ಬ್ಲಾಕು ಅಂತ ಸಂಜೆಯೇ ಆಳುಗಳಿರುವ ಲೈನು ಮನೆಗಳಲ್ಲಿ ಹೇಳಿ ಮುಗಿಸಿರುತ್ತಾರೆ. ರೋಬಸ್ಟಾ ಹಣ್ಣಾದರೂ ಗಿಡದಲ್ಲಿ ಸ್ವಲ್ಪ ದಿನ ನಿಲ್ಲುತ್ತದೆ. ಅರೇಬಿಕಾ ನಿಲ್ಲಲ್ಲ, ಉದುರುತ್ತದೆ. ಅದಕ್ಕೆ ಲಂಡನ್ ರೇಟು ಗೊತ್ತಾಗಲ್ಲ ಅಲ್ವಾ?

ಮೊದಲು ಅವರಿಗೆ ಕಾಣುತ್ತಿದ್ದುದು ಕಡಿಮೆ, ಹಾಗಾಗಿ ತೀರ್ಮಾನ ನನ್ನದೇ ಇರುತ್ತಿತ್ತು. ಈಗ ಎಲ್ಲ ಕಾಣುತ್ತದೆ, ಹಾಗಾಗಿ ತೀರ್ಮಾನವೂ ಅಲ್ಲೇ. ಎಡವಟ್ಟಾದರೆ ಮಾತ್ರ ಇಲ್ಲಿ. ನಿಮ್ಮ ತೋಟ, ಫ್ಯಾಕ್ಟರಿ, ಅಂಗಡಿಗಳಲ್ಲಿ ಇದನ್ನು ಹೇಗೆ ಹಂಚಿಕೊಂಡಿದ್ದೀರಿ? ನನಗಿಂತ ಚಿಕ್ಕ ವಯಸ್ಸಿನ, ಒಳ್ಳೆಯ ಮನಸ್ಸಿನ ಧಣಿಗೆ ಇದನ್ನು ಹೇಗೆ ಹೇಳುವುದು?

ಬಿಸ್ಲೆ_ಘಾಟಿ (ಸಕಲೇಶಪುರ)

ಅಣ್ಣ, ನಿಮ್ಮ ಗ್ರೂಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವಿನ ಫೋಟೋ ಬರುತ್ತದಾ? ಬರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ತಮಾಷೆಗೆ ಹೇಳುತ್ತಿಲ್ಲ.

ನಮ್ಮ ಕಡೆ ಎರಡು ಗ್ರೂಪ್ ಇವೆ. ಒಂದು ತೋಟದ್ದು, ನಿಮ್ಮದರ ಹಾಗೇ ಸಂತೆ. ಇನ್ನೊಂದು ಆನೆ ಗ್ರೂಪ್. ಹಾಸನ, ಚಿಕ್ಕಮಗಳೂರಲ್ಲಿ 2022ರಲ್ಲಿ ಆನೆ ಕಾರ್ಯಪಡೆ ಮಾಡಿದರಲ್ಲ, ಆಮೇಲೆ ಈ ಮೆಸೇಜ್‌ಗಳು ಇನ್ನೂ ಚುರುಕಾದವು. ಎಷ್ಟು ಆನೆ, ಯಾವ ತೋಟ, ಯಾವ ಕಡೆ ಮುಖ, ಎಷ್ಟು ಗಂಟೆಗೆ ಕಂಡಿದ್ದು. ಇಷ್ಟೇ ಇರುತ್ತದೆ. ಅದಕ್ಕೆ ಯಾರೂ ಹೆಬ್ಬೆರಳು ಹಾಕಲ್ಲ, ಯಾರೂ ಅಪ್ಪಣೆ ಕಾಯಲ್ಲ. ಆ ಬ್ಲಾಕಿಗೆ ಆಳು ಕಳಿಸಬಾರದು ಅಂತ ರೈಟರೇ ತೀರ್ಮಾನಿಸುತ್ತಾನೆ. ಸಾಹುಕಾರರು ಆಮೇಲೆ ಓದಿಕೊಳ್ಳುತ್ತಾರೆ.

ಎರಡೂ ಒಂದೇ ಫೋನು, ಒಂದೇ ಆಪು. ಆನೆ ವಿಷಯದಲ್ಲಿ ಯಾರು ಏನು ಮಾಡಬೇಕು ಅಂತ ಮೊದಲೇ ಗೊತ್ತಿದೆ. ಮಳೆ ವಿಷಯದಲ್ಲಿ ನಿಮ್ಮಲ್ಲಿ ಗೊತ್ತಿಲ್ಲ, ಅಷ್ಟೇ. ಮುಂದಿನ ಸಲ 'ಮುಚ್ಚಿಸಲಾ?' ಅಂತ ಕೇಳಬೇಡಿ. 'ಮೋಡ ಇದೆ, ಮುಚ್ಚಿಸುತ್ತಿದ್ದೇನೆ, ಒಂದು ಗಂಟೆ ಕೊಯ್ಲು ನಿಲ್ಲುತ್ತದೆ' ಅಂತ ಹಾಕಿ. ಬೇಡ ಅನ್ನುವವರು ಫೋನ್ ಮಾಡಲಿ.

ತೋಟ_ಅಲ್ಲಿ_ನಾನು_ಇಲ್ಲಿ (ಬೆಂಗಳೂರು, ತೋಟ ಆಲ್ದೂರು ಕಡೆ)

ನಾನು ಆ ಇನ್ನೊಂದು ಕಡೆಯವನು. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ಕ್ಯಾಮೆರಾ ಹಾಕಿದ್ದು ರೈಟರ್ ಮೇಲೆ ಅನುಮಾನಕ್ಕಲ್ಲ. ಕಾಫಿ ರೇಟು ಏರಿದ ಮೇಲೆ ಕಣದಿಂದ, ಗೋಡೌನ್‌ನಿಂದ ಮೂಟೆ ಕದಿಯುವುದು ಜಾಸ್ತಿಯಾಗಿದೆ. ಗಿಡದಲ್ಲಿದ್ದ ಹಣ್ಣನ್ನೇ ರಾತ್ರೋರಾತ್ರಿ ಕುಯ್ದುಕೊಂಡು ಹೋಗುತ್ತಾರೆ. ದಾಖಲೆಯೂ ಬೇಕೇ ಬೇಕು. ಯುರೋಪಿಗೆ ಕಾಫಿ ಹೋಗಬೇಕಾದರೆ, 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದಿದ್ದಲ್ಲ ಅಂತ ತೋರಿಸಬೇಕು ಅನ್ನುವ ಕಾನೂನನ್ನು ಅವರು 2023ರಲ್ಲೇ ಮಾಡಿದ್ದಾರೆ. ಜಾರಿಯ ದಿನ ಮುಂದೆ ಮುಂದೆ ಹೋಗುತ್ತಿದೆ, ನಿಜ. ಆದರೂ 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಪೂರ್ತಿ ಗಡಿಯನ್ನೇ ಜಿಪಿಎಸ್‌ನಲ್ಲಿ ಗುರುತು ಹಾಕಿ ಕೊಡಬೇಕು. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಇದನ್ನು ಬೇಡ ಅನ್ನುವ ಹಾಗಿಲ್ಲ.

ಆದರೆ ನಿಮ್ಮ ಮಳೆ ಕಥೆ ಓದಿ ಸ್ವಲ್ಪ ಚುಚ್ಚಿತು. ಫೋನಿನಲ್ಲಿ ಕಣ ಕಾಣುವಾಗ ಏನಾದರೂ ಹೇಳಲೇಬೇಕು ಅನ್ನಿಸುತ್ತದೆ. ಆಫೀಸಿನಲ್ಲಿ ಬೇಜಾರಾದಾಗ ಇನ್ನೂ ಜಾಸ್ತಿ. ನಮ್ಮಲ್ಲಿ ಹೋದ ವರ್ಷ ನಾನೂ ರೈಟರೂ ಕೂತು ಒಂದು ಹಾಳೆ ಬರೆದೆವು. ಕಣ, ಮಳೆ, ಆಳಿಗೆ ಗಾಯ, ಪಲ್ಪರ್ ರಿಪೇರಿ, ಇವೆಲ್ಲ ಅವರದೇ ತೀರ್ಮಾನ. ಇಷ್ಟು ರೂಪಾಯಿ ತನಕ ಕೇಳಬೇಕಾಗಿಲ್ಲ ಅಂತ ಮಿತಿ ಹಾಕಿದೆವು. ಮಾರಾಟ, ಮರ ಕಡಿಯುವುದು, ಹೊಸ ಆಳು ತಂಡ ಕರೆಸುವುದು ನನ್ನದು. ಹಾಳೆ ಅವರ ಆಫೀಸ್ ಗೋಡೆಯಲ್ಲಿದೆ, ಅದರ ಫೋಟೋ ಗ್ರೂಪ್‌ನ ಮೇಲ್ಗಡೆ ಪಿನ್ ಆಗಿದೆ. ಲಂಡನ್ ರೇಟಿನ ಮಾತು ಸಂಜೆ 6ರ ಫೋನಿನಲ್ಲಿ ಮಾತ್ರ.

ಹೇಗೆ ಹೇಳುವುದು ಅಂತ ಕೇಳಿದಿರಿ. ಗ್ರೂಪ್‌ನಲ್ಲಿ ಹೇಳಬೇಡಿ. ಚಿಕ್ಕಪ್ಪನ ಎದುರು ಅವರು ಸೋಲಲ್ಲ. ಮುಂದಿನ ಸಲ ತೋಟಕ್ಕೆ ಬಂದಾಗ ಕಣದ ಹತ್ತಿರ ನಿಲ್ಲಿಸಿಕೊಂಡು, ಆ ಮಳೆಯಲ್ಲಿ ಎಷ್ಟು ಮೂಟೆ ಕೆಟ್ಟಿತು, ರೇಟಿನಲ್ಲಿ ಎಷ್ಟು ಹೋಯಿತು ಅಂತ ಲೆಕ್ಕ ಇಡಿ. ಸಾಫ್ಟ್‌ವೇರ್‌ನವರಿಗೆ ನಂಬರ್ ಕೊಟ್ಟರೆ ಬೇಗ ಅರ್ಥವಾಗುತ್ತದೆ. ನಾನೂ ಅವರಲ್ಲೊಬ್ಬ.

ಮೇಸ್ತ್ರಿ_ಮಗಳು (ಬೇಲೂರು)

ಎಲ್ಲರೂ ಸಾಹುಕಾರರು, ರೈಟರ್ ಮಧ್ಯದ ವಿಷಯವನ್ನೇ ಮಾತಾಡುತ್ತಿದ್ದೀರಿ. ತಕ್ಕಡಿ ಕೆಳಗೆ ನಿಂತವರದ್ದೂ ಸ್ವಲ್ಪ ಕೇಳಿ.

ನಮ್ಮಮ್ಮ ಇವತ್ತಿಗೂ ಹಣ್ಣು ಕುಯ್ಯಲು ಹೋಗುತ್ತಾರೆ. ಮೊದಲು ಸಂಜೆ ತೂಗುವಾಗ ರೈಟರ್ ತೂಕ ಕೂಗಿ ಹೇಳುತ್ತಿದ್ದರು. ಸುತ್ತ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಮ್ಮ ಓದಿದವರಲ್ಲ, ಆದರೆ ವಾರದ ತೂಕವೆಲ್ಲ ಬಾಯಲ್ಲೇ ಹೇಳುತ್ತಿದ್ದರು. ಈಗ ಬುಟ್ಟಿ ಇಟ್ಟ ಕೂಡಲೇ ತೂಕ ಸೀದಾ ಫೋನಿಗೆ ಹೋಗುತ್ತದೆ. 'ಆಯ್ತು, ಮುಂದಿನವರು ಬನ್ನಿ' ಅಷ್ಟೇ. ಎಷ್ಟಾಯಿತು ಅಂತ ಗೊತ್ತಾಗುವುದು ಬಟವಾಡೆ ದಿನ. ಮೋಸ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬಹುಶಃ ಮೊದಲಿಗಿಂತ ಸರಿಯಾಗೇ ತೂಗುತ್ತಾರೆ. ಆದರೆ ಬೆಂಗಳೂರಲ್ಲಿರುವವರಿಗೆ ಅದೇ ಗಳಿಗೆಯಲ್ಲಿ ಕಾಣುವ ತೂಕ, ಕುಯ್ದವಳಿಗೆ ಕಾಣಲ್ಲ.

ಇನ್ನೊಂದು, ಕೂಲಿ. ಫೋನ್‌ಪೇ, ಗೂಗಲ್‌ಪೇ ಬಂದ ಮೇಲೆ ನಮ್ಮ ಲೈನಿನಲ್ಲಿ ಎಷ್ಟೋ ಹೆಂಗಸರ ಕೂಲಿ ಗಂಡನ ಫೋನಿಗೆ ಹೋಗುತ್ತದೆ. ಕವರಿನಲ್ಲಿ ಕೊಡುತ್ತಿದ್ದಾಗ ಕನಿಷ್ಠ ಮನೆ ಬಾಗಿಲ ತನಕ ಅವರ ಕೈಯಲ್ಲಿ ಇರುತ್ತಿತ್ತು. ಕೀಪ್ಯಾಡ್ ಫೋನಿನಲ್ಲೂ ಯುಪಿಐ ಮಾಡಬಹುದು, 2022ರಿಂದ ಇದೆ. ಆದರೆ ಅವರ ಹೆಸರಲ್ಲಿ ಖಾತೆ ಇರಬೇಕಲ್ಲ. ರೈಟರ್ ಅಣ್ಣ, ನಿಮ್ಮ ಕೈಯಲ್ಲಿ ಆಗುವುದಾದರೆ ಸೀಸನ್ ಶುರುವಾಗುವ ಮೊದಲೇ ಹೆಂಗಸರಿಗೆ ಒಂದು ದಿನ ಬಿಡುವು ಕೊಟ್ಟು ಬ್ಯಾಂಕಿಗೆ ಕಳಿಸಿ. ತೂಕವನ್ನು ಕೂಗಿ ಹೇಳಲು ಯಾವ ಆಪೂ ಬೇಡ.

ಕಣದ_ರೈಟರ್ (ಮೂಡಿಗೆರೆ)

ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಬರೆಯುವುದು ಚೆನ್ನಾಗಿದೆ, ಅದನ್ನೇ ಕೇಳುತ್ತೇನೆ. ಆಲ್ದೂರು ಸರ್, ಒಂದು ಮಾತು. ಸಂಜೆ 6 ಆಗಲ್ಲ. ಆವತ್ತು ಕುಯ್ದ ಹಣ್ಣು ಆವತ್ತೇ ಪಲ್ಪರ್‌ಗೆ ಹೋಗಬೇಕು. 6 ಗಂಟೆಗೆ ನಾನು ನೀರಿನ ಸದ್ದಿನ ಮಧ್ಯೆ ಇರುತ್ತೇನೆ, ನಿಮ್ಮ ರೈಟರೂ ಅಲ್ಲೇ ಇರುತ್ತಾರೆ, ಪಾಪ. ಒಮ್ಮೆ ಕೇಳಿ ನೋಡಿ. ನಾನು 8ಕ್ಕೆ ಅನ್ನುತ್ತೇನೆ. ನಾಳೆಗೆ ಬ್ಲಾಕು ಬದಲಾಯಿಸುವುದಿದ್ದರೆ ಮೇಸ್ತ್ರಿಗಳು ಲೈನಿಗೆ ಹೋಗಿ ಹೇಳಿ ಬರಲು ಆಗಲೂ ಹೊತ್ತಿರುತ್ತದೆ.

ತಂಗಿ, ನಮ್ಮಲ್ಲೂ ಕೂಗುವುದು ನಿಂತುಹೋಗಿದೆ. ಆಪ್ ತಗೊಳ್ಳುತ್ತದಲ್ಲ ಅಂತ ಬಾಯಿ ತಾನಾಗೇ ಮುಚ್ಚಿಕೊಂಡಿತು. ನಾಳೆಯಿಂದ ಕೂಗುತ್ತೇನೆ. ಖಾತೆ ವಿಷಯವನ್ನು ಸಾಹುಕಾರರ ಹೆಂಡತಿಯ ಹತ್ತಿರ ಮಾತಾಡುತ್ತೇನೆ, ಅವರು ಬೇಗ ಮಾಡಿಸುತ್ತಾರೆ. ತೂಕದ ಚೀಟಿ ಪ್ರಿಂಟ್ ಮಾಡುವ ಸಣ್ಣ ಮೆಷಿನ್ ಇರುತ್ತದಲ್ಲ, ಬಸ್ ಕಂಡಕ್ಟರ್ ಹತ್ತಿರ ಇರುವಂಥದ್ದು. ಅದನ್ನು ತಕ್ಕಡಿಗೆ ಜೋಡಿಸಿದವರು ಯಾರಾದರೂ ಇದ್ದೀರಾ?

ಬಿಸ್ಲೆ_ಘಾಟಿ (ಸಕಲೇಶಪುರ)

ನಾವು ಇಟ್ಟಿದ್ದೇವೆ. ತಕ್ಕಡಿಗೆ ಜೋಡಿಸಬೇಕಾಗಿಲ್ಲ, ಫೋನಿನಿಂದಲೇ ಬ್ಲೂಟೂತ್‌ನಲ್ಲಿ ಪ್ರಿಂಟ್ ಆಗುತ್ತದೆ. ನಿಮ್ಮ ಆಪ್‌ನಲ್ಲಿ ಆ ಸೌಲಭ್ಯ ಇದೆಯಾ ಅಂತ ಮೊದಲು ಕೇಳಿಕೊಳ್ಳಿ. ಆ ಕಾಗದ ಬಿಸಿಗೆ ಅಚ್ಚಾಗುವಂಥದ್ದು. ಬೆವರು, ಬಿಸಿಲು ತಾಗಿದರೆ ಅಕ್ಷರ ಮಾಸುತ್ತದೆ, ಬಟವಾಡೆ ತನಕ ಉಳಿಯಲ್ಲ. ಅದಕ್ಕೆ ನಮ್ಮ ರೈಟರ್ ಚೀಟಿ ಹಿಂದೆ ಪೆನ್ನಿನಲ್ಲೂ ತೂಕ ಬರೆದು ಕೊಡುತ್ತಾರೆ.