ಗಾಚಾ ಮೆಷಿನ್‌ನಲ್ಲಿ ಮೋಸ ಇದೆಯಾ? ಲೋಡಿಂಗ್ ಅಣ್ಣನ್ನ ಕೇಳಿ

ಅಡ್ಮಿನ್: ಟೋಕಿಯೋ ಸುತ್ತಮುತ್ತ ಇರೋ ಕನ್ನಡದವರು ಪದೇ ಪದೇ ಕೇಳೋ ವಿಷ್ಯ ಇದು. ಕಾಯಿನ್ ಹಾಕಿ ಹಿಡಿ ತಿರುಗಿಸಿದ್ರೆ ಕ್ಯಾಪ್ಸೂಲಲ್ಲಿ ಆಟಿಕೆ ಬೀಳುತ್ತಲ್ಲ, ಅದೇ ಮೆಷಿನ್ನು. ನಮ್ಮ ಲೋಡಿಂಗ್ ಅಣ್ಣಂಗೆ ಅಂಗಡಿ ಅಂಗಡಿಗೆ ಹೋಗಿ ಅವನ್ನ ತುಂಬಿಸೋದೇ ಕೆಲ್ಸ. ಕೇಳಿ, ಆದ್ರೆ ಅಂಗಡಿ ಹೆಸರು ಹಾಕ್ಬೇಡಿ.

ಚಿನ್ನು ಅಮ್ಮ: ಅಣ್ಣಾ ನಮಸ್ತೆ. ಮಗಳಿಗೆ ಕಪ್ಪು ಬೆಕ್ಕು ಬೇಕು, ಬರೀ ಹಳದಿ ಬೆಕ್ಕೇ ಬೀಳ್ತಿದೆ. ಬೇಕು ಅಂತ್ಲೇ ಸೆಟ್ ಮಾಡಿರ್ತಾರಾ?

ಲೋಡಿಂಗ್ ಅಣ್ಣ: ನಮಸ್ತೆ ಅಮ್ಮ. ಮಾಮೂಲಿ 300 ಯೆನ್ ಮೆಷಿನ್ನಿಗೆ ಕರೆಂಟ್ ವೈರೇ ಇರಲ್ಲ, ಸೆಟ್ ಮಾಡೋದೆಲ್ಲಿ? ಕಾಯಿನ್ ಬಿದ್ರೆ ಹಿಡಿಯ ಲಾಕ್ ಬಿಡುತ್ತೆ, ತಿರುಗಿಸಿದ್ರೆ ಒಳಗೆ ತೂತು ತೂತಿರೋ ತಟ್ಟೆ ತಿರುಗುತ್ತೆ, ತೂತಲ್ಲಿ ಕೂತಿರೋದು ಕೆಳಗೆ ಬೀಳುತ್ತೆ ಅಷ್ಟೇ. ಆರು ಬಗೆ ಸಮಸಮ ಇದೆ ಅಂತಿಟ್ಕೊಂಡ್ರೂ 10 ಸಲ ತಿರುಗಿಸಿದ ಆರು ಜನದಲ್ಲಿ ಒಬ್ರಿಗೆ ಬೇಕಾದ್ದು ಸಿಗಲ್ಲ. ಆರೂ ಬಗೆ ಸಿಗೋಕೆ ಸರಾಸರಿ 14.7 ಸಲ ಬೇಕು, ಅಂದ್ರೆ 4,400 ಯೆನ್ ಹತ್ರ. ಇನ್ನು ಸಮಸಮ ಇರ್ಲೇಬೇಕು ಅಂತ ಮೆಷಿನ್ ಮುಂದೆ ಹಾಕಿರೋ ಕಾರ್ಡಲ್ಲಿ ಎಲ್ಲೂ ಬರೆದಿರಲ್ಲ, 'ಒಟ್ಟು 6 ಬಗೆ' ಅಂತಷ್ಟೇ ಇರುತ್ತೆ. ಸರಿಯಾಗಿ ಕಲಸದೆ ಸುರಿದಿದ್ರೆ ಒಂದೇ ಬಗೆ ಸಾಲಾಗಿ ಬೀಳೋದೂ ಉಂಟು. ಅದು ಸೋಮಾರಿತನ, ಮೋಸ ಅಲ್ಲ.

ಬೆಣ್ಣೆದೋಸೆ: ಫಾರ್ವರ್ಡ್ ಬಂದಿದೆ ನೋಡಿ ಎಲ್ರೂ, 'ಮೆಷಿನ್ ಎಡಗಡೆ ಎರಡು ಏಟು ಕೊಟ್ಟು, ಹಿಡಿ ಅರ್ಧ ತಿರುಗಿಸಿ ವಾಪಸ್ ಬಿಟ್ಟು, ಮತ್ತೆ ಜೋರಾಗಿ ತಿರುಗಿಸಿದ್ರೆ ರೇರ್ ಪೀಸ್ ಗ್ಯಾರಂಟಿ'

ಲೋಡಿಂಗ್ ಅಣ್ಣ: ಇದನ್ನ ಮಾಡ್ಬೇಡಿ. ಏಟು ಕೊಟ್ರೆ ಕ್ಯಾಪ್ಸೂಲ್ ಒಂದಕ್ಕೊಂದು ಸಿಕ್ಕಾಕ್ಕೊಂಡು ತೂತಿಗೆ ಏನೂ ಇಳಿಯಲ್ಲ, ನಿಮ್ಮ ಕಾಯಿನ್ನೂ ಹೋಗುತ್ತೆ. ಸಿಕ್ಕಾಕ್ಕೊಂಡ್ರೆ ಅಂಗಡಿಯವರನ್ನ ಕರೀರಿ, ಇಲ್ಲ ಮೆಷಿನ್ ಮೇಲಿರೋ ನಂಬರಿಗೆ ಫೋನ್ ಮಾಡಿ.

ಹಾಸನದ ಹುಡುಗ: ಸರ್ ಇದು ಸೆಟ್ಟಿಂಗಾ?

ಲೋಡಿಂಗ್ ಅಣ್ಣ: ಮೇಲೆ ಓದಿ.

ಕೆಂಗೇರಿ ಟು ಕಾವಾಸಾಕಿ: ನಮ್ದು ಬೇರೆ ಥರ ಅಣ್ಣ. ಸ್ಟೇಷನ್ ಹತ್ರ 1000 ಯೆನ್ ಮೆಷಿನ್ ಇದೆ, ಮೇಲೆ ಗೇಮ್ ಕನ್ಸೋಲು ವಾಚು ಎಲ್ಲ ಫೋಟೋ. ಮಗ ಪಾಕೆಟ್ ಮನಿ ಪೂರ್ತಿ ಹಾಕಿದಾನೆ, ಬಂದಿದ್ದು ಚಾರ್ಜಿಂಗ್ ಕೇಬಲ್ಲು, ಕೀ ಚೈನು. ಒಂದು ಡಬ್ಬಿ ಟೇಪು ಕಟ್ ಮಾಡಿ ಅದ್ರ ಮೇಲೇ ಇನ್ನೊಂದು ಟೇಪ್ ಅಂಟಿಸಿದ್ದಾರೆ.

ಲೋಡಿಂಗ್ ಅಣ್ಣ: ಟೇಪ್ ಮೇಲೆ ಟೇಪ್ ಅಂದ್ರಲ್ಲ, ಅದು ಸರಿ ಇಲ್ಲ. ನಾವು ತುಂಬೋ ಮೆಷಿನಲ್ಲಿ ಬೀಳೋ ಗೊಂಬೆನೇ ಮಾಲು, ಯಾವ್ದು ಬಿದ್ರೂ ಫೋಟೋದಲ್ಲಿರೋ ಆರರಲ್ಲಿ ಒಂದು. ಸಾವಿರದ ಮೆಷಿನ್ ಹಾಗಲ್ಲ, ಅಲ್ಲಿ ಜನ ದುಡ್ಡು ಹಾಕೋದೇ ಫೋಟೋದಲ್ಲಿರೋ ಕನ್ಸೋಲ್ ಆಸೆಗೆ. ಕನ್ಸೋಲ್ ಇವತ್ತು ಒಳಗಿದೆಯಾ, ಯಾರೋ ಗೆದ್ದ ಮೇಲೆ ಆ ಫೋಟೋ ಕಿತ್ತಾಕಿದ್ರಾ, ಹೊರಗೆ ನಿಂತೋರಿಗೆ ಹೇಗ್ ಗೊತ್ತಾಗುತ್ತೆ? ಹಳೇ ರೋಗ ಇದು. 1980ರ ದಶಕದಲ್ಲಿ ಕೊಸ್ಮೊಸ್ ಅನ್ನೋ ಕಂಪನಿ 'ಲೊಟ್ಟೆ' ಅನ್ನೋ ಚಾಕಲೇಟ್ ಕಂಪನಿಯವರ ಬಿಕ್ಕುರಿಮಾನ್ ಸ್ಟಿಕ್ಕರ್ ಥರಾನೇ 'ರೊಚ್ಚಿ' ಅಂತ ಛಾಪಿಸಿ ಮಕ್ಕಳಿಗೆ ಮಾರಿತ್ತು. 2017ರ ಡಿಸೆಂಬರಲ್ಲಿ ಒಸಾಕಾ ಪೊಲೀಸ್ರು ಕ್ರೇನ್ ಗೇಮ್ (ಕೊಕ್ಕೆಯಿಂದ ಬಹುಮಾನ ಎತ್ತೋ ಆಟ) ಅಂಗಡಿಯೋರನ್ನ ಹಿಡಿದ್ರು, ಕೆಲ್ಸದೋರು ಸಲೀಸಾಗಿ ಎತ್ತಿ ತೋರಿಸೋರು, ಗಿರಾಕಿ ಆಡೋವಾಗ ಏಳದಂಗೆ ಸೆಟ್ಟಿಂಗ್. ಇಲ್ದೇ ಇರೋದನ್ನ ಇದೆ ಅಂತ ತೋರಿಸಿದ್ರೆ ಇಲ್ಲಿನ ಕೇಹಿನ್ ಹ್ಯೋಜಿ ಕಾನೂನಿಗೆ, ಅಂದ್ರೆ ಗಿರಾಕಿಗೆ ಸುಳ್ಳು ತೋರಿಸಿ ಮಾರ್ಬಾರ್ದು ಅನ್ನೋ ಕಾನೂನಿಗೆ ವಿರುದ್ಧ. ನೀವು ಮಾಡ್ಬೇಕಾದ್ದು: ಮೆಷಿನ್ ಮುಂದೆ ಹಾಕಿರೋ ಫೋಟೋ, ಟೇಪಿನ ಡಬ್ಬಿ, ಮೆಷಿನ್ ಮೇಲೆ ಆಪರೇಟರ್ ಹೆಸರು ನಂಬರ್ ಇರೋ ಸ್ಟಿಕ್ಕರ್, ಮೂರನ್ನೂ ಫೋಟೋ ತೆಗೀರಿ, ಡಬ್ಬಿ ಬಿಸಾಕ್ಬೇಡಿ, 188ಕ್ಕೆ ಫೋನ್ ಮಾಡಿ, ಗ್ರಾಹಕ ಕೇಂದ್ರಕ್ಕೆ ಹೋಗುತ್ತೆ, ಜಪಾನೀಸ್ ಚೆನ್ನಾಗಿ ಬರೋರನ್ನ ಪಕ್ಕ ಕೂರಿಸ್ಕೊಳ್ಳಿ. ಅಂಗಡಿಯವನ ಹತ್ರ ಜಗಳ ಆಡ್ಬೇಡಿ, ಎಷ್ಟೋ ಕಡೆ ಅವ್ನು ಜಾಗ ಕೊಟ್ಟಿರ್ತಾನೆ ಅಷ್ಟೇ. ಸ್ಟಿಕ್ಕರ್ ಇದೆಯಾ ಇಲ್ವಾ, ಅದನ್ನ ಮೊದ್ಲು ಹೇಳಿ.

ಧಾರವಾಡ ಪೇಡೆ: ಎಲ್ಲಾ ಜೂಜಾಟ ರೀ ಇದು. 2012ರಾಗ ಗಾಚಾನ ಬ್ಯಾನ್ ಮಾಡ್ಯಾರ, ಆದ್ರೂ ನಡಸ್ತಾರ.

ಬೆಣ್ಣೆದೋಸೆ: ಅದು ಮೊಬೈಲ್ ಗೇಮಿಂದು ರೀ, ತಿಳ್ಕೊಂಡು ಮಾತಾಡಿ.

ಧಾರವಾಡ ಪೇಡೆ: ಮೆಷಿನ್ನಿಗೆ ಏಟು ಕೊಡ್ರಿ ಅನ್ನಾವ್ರು ನಮಗ ತಿಳುವಳಿಕಿ ಹೇಳಾಕ ಬಂದ್ರ!

ಬೆಣ್ಣೆದೋಸೆ: ಫಾರ್ವರ್ಡ್ ಅಂತ ಹಾಕಿದೀನಲ್ಲ, ನಾನ್ ಬರೆದಿದ್ದಾ?

ಲೋಡಿಂಗ್ ಅಣ್ಣ: 2012ರದ್ದು ಕಂಪ್ಲೀಟ್ ಗಾಚಾ, ಫೋನ್ ಗೇಮಲ್ಲಿ ಸೆಟ್ ಪೂರ್ತಿ ಮಾಡಿದ್ರೆ ಬಹುಮಾನ ಅನ್ನೋದು. ಈ ಮೆಷಿನ್ನಿಗೂ ಅದಕ್ಕೂ ಸಂಬಂಧ ಇಲ್ಲ. ಜಗಳ ಇನ್‌ಬಾಕ್ಸಲ್ಲಿ ಮಾಡ್ಕೊಳ್ಳಿ.

ಮಂಡ್ಯ ಇನ್ ಚಿಬಾ: ಇಕೆಬುಕುರೊದಲ್ಲಿ 3000 ಮೆಷಿನ್ ಇರೋ ಅಂಗಡಿಲಿ ರೇರ್ ಪೀಸ್ ಜಾಸ್ತಿ ಬೀಳುತ್ತಂತೆ, ನಿಜಾನಾ?

ಲೋಡಿಂಗ್ ಅಣ್ಣ: ಇಲ್ಲ.

ಬೆಂಗಳೂರು ಮಾವ: ನಮ್ಮ ಮಾಲಲ್ಲೂ ಈ ಮೆಷಿನ್ ಬಂದಿದೆ, ಇಲ್ಲೂ ಕರೆಂಟ್ ಇಲ್ದಿರೋದೇನಾ?

ಚಿನ್ನು ಅಮ್ಮ: ಕೆಂಗೇರಿಯೋರೇ, ಬೇಜಾರ್ ಮಾಡ್ಕೋಬೇಡಿ, ಮಗು ಕೈಗೆ ಅಷ್ಟು ದುಡ್ಡು ಕೊಟ್ಟು ಕಳ್ಸೋದ್ಯಾಕೆ?

ಕೆಂಗೇರಿ ಟು ಕಾವಾಸಾಕಿ: ನಿಮ್ಮ ಬೆಕ್ಕಿನ ಖರ್ಚು ಲೆಕ್ಕ ಹಾಕಿ ಮೊದ್ಲು. ಅಣ್ಣ, ಹೋಗಿ ನೋಡ್ದೆ, ಸ್ಟಿಕ್ಕರ್ ಇದೆ, ನಂಬರ್ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ.

ಲೋಡಿಂಗ್ ಅಣ್ಣ: ಕಾಗದ ಕೀಳ್ಬೇಡಿ, ಹಾಗೇ ಫೋಟೋ ತೆಗೀರಿ. 188ಕ್ಕೆ ಮಾತಾಡೋವಾಗ ಅದನ್ನೇ ಮೊದ್ಲು ಹೇಳಿ. ಮಗ ಇನ್ನೊಂದ್ಸಲ ಹಾಕ್ತೀನಿ ಅಂದ್ರೆ ಬಿಡ್ಬೇಡಿ.

ಹಾಸನದ ಹುಡುಗ: ಮೇಲೆ ಓದ್ದೆ ಸರ್. ಆದ್ರೂ ಒಂಚೂರಾದ್ರೂ ಸೆಟ್ಟಿಂಗ್ ಇರುತ್ತಲ್ವಾ?

ಧಾರವಾಡ ಪೇಡೆ: ಇವನ್ನ ಯಾರರ ಗ್ರೂಪಿನಿಂದ ತಗೀರಿ.

ಬೆಂಗಳೂರು ಮಾವ: ನನ್ ಪ್ರಶ್ನೆಗೆ ಯಾರಾದ್ರೂ ಹೇಳ್ರಪ್ಪ